ಸಿತ್ತನಾಳ ರಕ್ತದ ಹರಳುಗಳು

ಮೂರನೆಯ ಮಗನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಸಿತ್ತನಾಳ ಅಪ್ಪ ಗೋಡೆಗೆ ನೇತುಹಾಕಿದ್ದ ಒಂಟೆಯ ಚಾವಟಿಯನ್ನು ಇಳಿಸಿಕೊಂಡ. ಅಂಗಳದಲ್ಲಿ ನೀರಿನ ಗಡಿಗೆಯ ಪಕ್ಕ ಕೂತಿದ್ದ ಅವಳ ಅಮ್ಮನ ಬೆನ್ನಿನ ಮೇಲೆ ಹೊಡೆಯತೊಡಗಿದ. ಹನ್ನೊಂದು ವರ್ಷದ ಸಿತ್ತನಾ ಬಾಗಿಲ ಮರೆಯಲ್ಲಿ ನಿಂತು ಏಟುಗಳನ್ನು ಎಣಿಸಿದಳು. ಹದಿನಾಲ್ಕು. ಅಮ್ಮ ಒಂದಕ್ಕೂ ಕೂಗಲಿಲ್ಲ. ಒಳಗಿನಿಂದ ಅಪ್ಪನ ತಾಯಿ ಮಾತ್ರ ಕೂಗುತ್ತಿದ್ದಳು: "ಹೊಡಿ, ಇನ್ನೂ ಹೊಡಿ. ಇವಳ ಹಾಲಲ್ಲೇ ವಿಷ ಇದೆ. ನಮ್ಮ ಮನೆ ಗಂಡುಮಕ್ಕಳನ್ನೆಲ್ಲ ಮುಕ್ಕಿದಳು."

ಅವರ ಊರು ಬಾರಾ, ಸುಡಾನಿನ ಕೊರ್ದೊಫಾನ್ ಸೀಮೆಯ ಮರಳುದಿಬ್ಬಗಳ ನಡುವೆ ಇತ್ತು. ಅಲ್ಲಿ ಬಿಸಿಗಾಳಿ ಎದ್ದ ತಿಂಗಳಲ್ಲಿ ಮಕ್ಕಳು ಸಾಯುವುದು ಹೊಸದಲ್ಲ. ಬೆಳಿಗ್ಗೆ ಜ್ವರ, ಸಂಜೆಗೆ ಕತ್ತು ಕಟ್ಟಿಗೆಯಂತೆ ಬಿಗಿ, ಮಾರನೆಯ ದಿನ ಮೈಮೇಲೆ ನೇರಳೆ ಮಚ್ಚೆ, ಅಷ್ಟೇ. ಆದರೆ ಬೇರೆಯವರ ಮನೆಯಲ್ಲಿ ಒಂದು ಹೋದರೆ ಇವರ ಮನೆಯಲ್ಲಿ ಮೂರು ಹೋಗಿದ್ದವು. ಸಿತ್ತನಾಳಿಗೂ ಹದಿನಾಲ್ಕರಲ್ಲಿ ಅದೇ ಜ್ವರ ಬಂತು, ಬದುಕಿದಳು. ಹತ್ತೊಂಬತ್ತರಲ್ಲಿ ಮತ್ತೆ ಬಂತು. ಬದುಕಿದಳು, ಎಡಗಿವಿ ಹೋಯಿತು. ಸತ್ತವರು ಗಂಡುಮಕ್ಕಳು, ಉಳಿದವಳು ಹುಡುಗಿ ಎಂಬುದನ್ನು ಅಜ್ಜಿ ಕಡೆಯವರೆಗೂ ಕ್ಷಮಿಸಲಿಲ್ಲ.

ಇಪ್ಪತ್ತೊಂದಕ್ಕೆ ಅವಳು ಖಾರ್ತೂಮಿಗೆ ಬಂದಳು. ಬುರ್ರಿ ಬಡಾವಣೆಯಲ್ಲಿ ನೀಲಿ ನೈಲ್ ನದಿಯ ದಂಡೆಗೆ ಹತ್ತಿರದಲ್ಲಿದ್ದ ಒಂದು ಸಂಶೋಧನಾಲಯದಲ್ಲಿ ಗಾಜಿನ ಪಾತ್ರೆ ತೊಳೆಯುವ ಕೆಲಸ ಸಿಕ್ಕಿತು. ಕೈ ಚುರುಕು, ಹಿಡಿದದ್ದು ನಡುಗುತ್ತಿರಲಿಲ್ಲ. ಡಾಕ್ಟರ್ ಇನ್ಸಾಫ್ ಎನ್ನುವ ಹಿರಿಯ ವಿಜ್ಞಾನಿ ಅದನ್ನು ಗಮನಿಸಿ ಪಾತ್ರೆ ತೊಳೆಯುವುದನ್ನು ಬಿಡಿಸಿ ತನ್ನ ಕೋಣೆಗೆ ಕರೆದುಕೊಂಡಳು. ಇನ್ಸಾಫ್ ಐವತ್ತು ದಾಟಿದವಳು, ಮದುವೆಯಾಗದವಳು, ಮಾತು ಒರಟು. ಐದು ವರ್ಷ ಅವಳ ಕೈಕೆಳಗೆ ಪಳಗಿ ಸಿತ್ತನಾ ಪೂರ್ತಿ ಪ್ರಯೋಗಾಲಯದ ತಂತ್ರಜ್ಞೆಯಾದಳು.

ಇಪ್ಪತ್ತಾರಕ್ಕೆ ಮೂರನೆಯ ಸಲ ಜ್ವರ ಬಂತು. ಆಸ್ಪತ್ರೆಯ ಮಂಚದ ಪಕ್ಕ ಇನ್ಸಾಫ್ ಕುರ್ಚಿ ಎಳೆದು ಕೂತಳು.

"ಒಂದು ಸಲ ಬಂದ್ರೆ ಗ್ರಹಚಾರ ಅನ್ನಬಹುದು. ಮೂರು ಸಲ ಬರೋಕೆ ನೀನೇನು ಅದಕ್ಕೆ ಬಾಡಿಗೆಗೆ ಮನೆ ಕೊಟ್ಟಿದ್ದೀಯೇನೇ? ನಿಮ್ಮನೇಲಿ ಇನ್ಯಾರಿಗೆ ಬಂದಿತ್ತು?"

ಸಿತ್ತನಾ ಹೇಳಿದಳು. ಇನ್ಸಾಫ್ ಬರೆದುಕೊಂಡಳು. ತೋಳಿನಿಂದ ರಕ್ತ ತೆಗೆದುಕೊಂಡು ಹೋದವಳು ಎಂಟು ದಿನ ಬಿಟ್ಟು ಬಂದು, ತಟ್ಟೆಯಲ್ಲಿದ್ದ ಬೇಯಿಸಿದ ಅವರೆಯನ್ನು ಪಕ್ಕಕ್ಕೆ ಸರಿಸಿ ವಿವರಿಸಿದಳು. ರೋಗಾಣು ರಕ್ತಕ್ಕೆ ಇಳಿದಾಗ ಅದನ್ನು ಕೊಲ್ಲಲು ಕೆಲವು ಪ್ರೋಟೀನುಗಳು ಸಾಲುಗಟ್ಟಿ ಬರುತ್ತವೆ. ಐದನೆಯದು ಬಂದು ಕೂತರೆ ಆರನೆಯದು ಅದರ ಕೈ ಹಿಡಿಯುತ್ತದೆ, ಆರನೆಯದರ ಕೈ ಏಳನೆಯದು ಹಿಡಿಯುತ್ತದೆ. ಹೀಗೆ ಎಲ್ಲ ಸೇರಿ ರೋಗಾಣುವಿನ ಮೈಮೇಲೆ ಉಂಗುರ ಕಟ್ಟಿ, ತೊಗಲನ್ನು ಕೊರೆದು ತೂತು ಮಾಡುತ್ತವೆ. ತೂತು ಬಿದ್ದ ರೋಗಾಣು ಒಡೆದು ಸಾಯುತ್ತದೆ.

"ನಿನ್ನ ರಕ್ತದಲ್ಲಿ ಆರನೆಯದು ಇದೆ. ಆದ್ರೆ ಅದು ಕೈ ಹಿಡಿಯಲ್ಲ. ಒಂಬೈನೂರು ಚಿಲ್ಲರೆ ಮಣಿ ಇರೋ ಸರ ಅದು. ಅದರಲ್ಲಿ ಒಂದೇ ಒಂದು ಮಣಿ ಬೇರೆ."

"ಅಮ್ಮನಿಂದ ಬಂದದ್ದಾ?"

"ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಎರಡೂ ಕಡೆಯಿಂದ ಬಂದ್ರೆ ಮಾತ್ರ ಹೀಗಾಗೋದು. ಅವರಿಬ್ರೂ ಅಣ್ಣತಮ್ಮಂದಿರ ಮಕ್ಕಳು ತಾನೆ?"

ಆ ವರ್ಷದ ಹಬ್ಬಕ್ಕೆ ಸಿತ್ತನಾ ಬಾರಾಕ್ಕೆ ಹೋಗಿ, ಊಟವಾದ ಮೇಲೆ ಇದನ್ನೇ ಎಲ್ಲರ ಎದುರು ಹೇಳಿದಳು. ಅಪ್ಪ ಮುದುಕನಾಗಿದ್ದ. ಕೇಳಿಸಿಕೊಂಡವನು, "ನನ್ನ ರಕ್ತ ಕೆಟ್ಟದ್ದು ಅಂತೀಯಾ?" ಎಂದು ಊರುಗೋಲು ಎತ್ತಿ ಅವಳ ಹೆಗಲಿಗೆ ಬಾರಿಸಿದ. ಕಾಲರ್ ಮೂಳೆ ಬಿರುಕುಬಿಟ್ಟಿತು. ಎರಡನೆಯ ಏಟಿಗೆ ಕೋಲು ಎತ್ತುವ ಮೊದಲೇ ಅಮ್ಮ ಅದನ್ನು ಅವನ ಕೈಯಿಂದ ಕಿತ್ತುಕೊಂಡು, ಮೊಣಕಾಲಿಗೆ ಕೊಟ್ಟು ಮುರಿದು, ಚಹಾ ಕಾಯುತ್ತಿದ್ದ ಒಲೆಗೆ ತುರುಕಿದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳು ಗಂಡನ ಮುಖ ನೋಡಿ ಮಾತಾಡಿದಳು. "ಇನ್ನು ಮೇಲೆ ಗೋಡೆ ಹಿಡ್ಕೊಂಡು ನಡಿ."

ಮೂಳೆ ಕೂಡಿದ ಮೇಲೆ ಇನ್ಸಾಫ್ ಅವಳನ್ನು ಇನ್ನೊಂದು ಕೇಳಿದಳು. ಕೈ ಹಿಡಿಯದ ಆ ಪ್ರೋಟೀನು ಎಲ್ಲಿ ಸೊಟ್ಟಗಿದೆ ಎಂದು ಕಣ್ಣಾರೆ ನೋಡಬೇಕು. ಒಂಟಿ ಪ್ರೋಟೀನನ್ನು ಅವರ ಬಳಿಯಿದ್ದ ಯಾವ ಸೂಕ್ಷ್ಮದರ್ಶಕದಲ್ಲೂ ಹಾಗೆ ನೋಡಲಾಗದು. ಕೋಟಿಕೋಟಿ ಪ್ರೋಟೀನುಗಳು ಮೆರವಣಿಗೆಯ ಸಿಪಾಯಿಗಳಂತೆ ಒಂದೇ ಭಂಗಿಯಲ್ಲಿ ಸಾಲುಗಟ್ಟಿ ಹರಳಾದರೆ, ಅದರ ಮೇಲೆ ಎಕ್ಸ್-ರೇ ಬಿಟ್ಟು, ಚದುರಿಬಿದ್ದ ಚುಕ್ಕೆಗಳಿಂದ ಲೆಕ್ಕಹಾಕಿ ಒಂದೊಂದು ಪರಮಾಣು ಎಲ್ಲಿದೆಯೆಂದು ಗುರುತು ಹಾಕಬಹುದು. ಹರಳು ಬೆಳೆಸಲು ಪ್ರೋಟೀನು ಬೇಕು. ಆ ಪ್ರೋಟೀನು ಇರುವುದು ಸಿತ್ತನಾಳ ಮೈಯಲ್ಲಿ.

"ಒಲ್ಲೆ ಅಂದ್ರೂ ಬೇಜಾರಿಲ್ಲ," ಎಂದಳು ಇನ್ಸಾಫ್.

"ತಗೊಳ್ಳಿ ಡಾಕ್ಟರಮ್ಮ. ಅಲ್ಲಿದ್ದು ಅದೇನು ಕೆಲಸ ಮಾಡ್ತಿದೆ?"

ಎರಡೂವರೆ ವರ್ಷ ನಾಲ್ಕು ತಿಂಗಳಿಗೊಮ್ಮೆ ಒಂದು ಚೀಲ ರಕ್ತ ಕೊಟ್ಟಳು. ಅದರಿಂದ ಆರನೆಯ ಪ್ರೋಟೀನನ್ನು ಬೇರ್ಪಡಿಸುವವಳೂ ಅವಳೇ, ಹನಿಹನಿಯಾಗಿ ತಟ್ಟೆಯ ಗುಳಿಗಳಲ್ಲಿ ಇಟ್ಟು ಕಾಯುವವಳೂ ಅವಳೇ. ಸಾವಿರಾರು ಹನಿಗಳು ಹೆಪ್ಪುಗಟ್ಟಿ ಮೊಸರಾದವು, ಇಲ್ಲವೆ ನೀರಾಗಿಯೇ ಉಳಿದವು. ಯುದ್ಧ ಶುರುವಾಗುವ ಎರಡು ದಿನ ಮುಂಚೆ, ರಮದಾನಿನ ಒಂದು ಗುರುವಾರ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟ ಸಿತ್ತನಾಳಿಗೆ ಒಂದು ಗುಳಿಯಲ್ಲಿ ಅಂಚು ಚೂಪಾದ, ಸೂಜಿಮೊನೆಗಿಂತ ಚಿಕ್ಕದಾದ ಹನ್ನೊಂದು ಹರಳುಕಡ್ಡಿಗಳು ಕಂಡವು. ಇನ್ಸಾಫ್ ಬಗ್ಗಿ ನೋಡಿದಳು. ಬಹಳ ಹೊತ್ತು ತಲೆ ಎತ್ತಲಿಲ್ಲ.

"ಉಪವಾಸ ಇಲ್ಲದಿದ್ರೆ ಈಗಲೇ ನಿನಗೆ ಒಂದು ಲೋಟ ಸಕ್ಕರೆ ಪಾನಕ ಕುಡಿಸ್ತಿದ್ದೆ," ಎಂದಳು.

ಶನಿವಾರ ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಬಂದು ಒಂದು ತಾಸಾಗಿತ್ತು. ವಿಮಾನ ನಿಲ್ದಾಣದ ಕಡೆಯಿಂದ ಮೊದಲ ಸದ್ದು ಕೇಳಿಸಿತು. ಸಿತ್ತನಾಳಿಗೆ ಎಡಗಡೆಯಿಂದ ಕೇಳಿಸದು. ಅವಳಿಗೆ ಮೊದಲು ಗೊತ್ತಾದದ್ದು ಕಿಟಕಿಯ ಗಾಜು ನಡುಗಿದ್ದು. ಮಧ್ಯಾಹ್ನದೊಳಗೆ ಬೀದಿಯಲ್ಲಿ ಬಂಡೆದ್ದ ಅರೆಸೇನೆಯ ಬಂದೂಕು ಹೊತ್ತ ಪಿಕಪ್ ಗಾಡಿಗಳು ತುಂಬಿದವು, ಮೇಲೆ ಸರ್ಕಾರಿ ಸೇನೆಯ ಯುದ್ಧವಿಮಾನಗಳು. ಎದುರಿನ ಮನೆಯ ಮಹಡಿಯನ್ನು ಒಂದು ಫಿರಂಗಿ ಗುಂಡು ಕಿತ್ತುಹಾಕಿತು. ಅಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸಿನ ಅರ್ಧ ದೇಹ ತಂತಿಯ ಮೇಲೇ ಉಳಿಯಿತು. ಹೊರಗೆ ಕಾಲಿಡುವಂತಿರಲಿಲ್ಲ. ಕಟ್ಟಡದಲ್ಲಿ ಉಳಿದವರು ಮೂವರು: ಇನ್ಸಾಫ್, ಸಿತ್ತನಾ, ಕಾವಲುಗಾರ ಜಾದಲ್ಲಾ.

ಜಾದಲ್ಲಾ ಅಟ್ಬರಾ ಕಡೆಯ ಹಳ್ಳಿಯವನು, ಅರವತ್ತರ ಆಸುಪಾಸು. ಹದಿನೆಂಟು ವರ್ಷದಿಂದ ಆ ಗೇಟಿನಲ್ಲಿ ಕೂತವನು. ವಿದ್ಯುತ್ತು ಹೋದ ಕೂಡಲೆ ಹಿತ್ತಿಲಿನ ಜನರೇಟರ್ ಹಾಕಿದ. ಹರಳುಗಳಿಗೆ ತಂಪು ಬೇಕು, ಅವುಗಳ ತಟ್ಟೆ ಇದ್ದದ್ದು ವಿದ್ಯುತ್ತಿನ ಶೀತಪೆಟ್ಟಿಗೆಯಲ್ಲಿ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು. ಆ ಪೆಟ್ಟಿಗೆ ಆರಿದರೆ ಹರಳು ಕರಗಿ ಎರಡೂವರೆ ವರ್ಷದ ರಕ್ತ ಮತ್ತೆ ನೀರು.

ದಾರಿ ಒಂದೇ ಇತ್ತು. ಹರಳುಗಳನ್ನು ಮೈನಸ್ ನೂರ ತೊಂಬತ್ತಾರು ಡಿಗ್ರಿ ಚಳಿಯ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಕೊಡದಾಕಾರದ ಒಂದು ಪ್ರಯಾಣದ ಡಬ್ಬಿಯಲ್ಲಿಟ್ಟು ಜೋರ್ಡಾನಿಗೆ ಕಳಿಸುವುದು. ಅಲ್ಲಿ ಅಲ್ಲಾನ್ ಎಂಬಲ್ಲಿ ಬೇಕಾದ ಎಕ್ಸ್-ರೇ ಯಂತ್ರವಿದೆ. ಆ ಡಬ್ಬಿಯ ಗೋಡೆಗಳು ಸಾರಜನಕವನ್ನು ಸ್ಪಂಜಿನಂತೆ ಹೀರಿಕೊಳ್ಳಲು ಒಂದು ದಿನ ಬೇಕು. ಹೀರಿದ ಮೇಲೆ ಹತ್ತು ದಿನ ಒಳಗೆ ಚಳಿ ಉಳಿಯುತ್ತದೆ. ಭಾನುವಾರ ಇಡೀ ದಿನ ಡಬ್ಬಿಗೆ ಸಾರಜನಕ ಕುಡಿಸುವುದರಲ್ಲೇ ಹೋಯಿತು.

ಹರಳುಗಳನ್ನು ಹೆಪ್ಪುಗಟ್ಟಿಸಲು ಇನ್ನೊಂದು ಹಗಲು ಬೇಕಿತ್ತು. ಸೋಮವಾರ ಬೆಳಿಗ್ಗೆ ಸಿತ್ತನಾ ಗೇಟಿಗೆ ಇಳಿದು ಹೋಗಿ ಜಾದಲ್ಲಾನಿಗೆ ಹೇಳಿದಳು: "ಚಿಕ್ಕಪ್ಪ, ಯಾರೇ ಬಂದು ಕೇಳಿದ್ರೂ ಜನರೇಟರ್ ಬೀಗದ ಕೈ ಸಂಜೆವರೆಗೆ ಕೊಡಬೇಡಿ. ಸಂಜೆ ಆದ್ಮೇಲೆ ಬೇಕಾದ್ರೆ ಕಟ್ಟಡಾನೇ ಕೊಟ್ಬಿಡಿ."

"ಕಟ್ಟಡ ಕೊಡೋಕೆ ನಾನ್ಯಾರು ತಾಯಿ. ಬೀಗದ ಕೈ ನನ್ನ ಜೇಬಲ್ಲಿದೆ, ನೀನು ಹೋಗು," ಎಂದು ಅವನು ನಕ್ಕ.

ಒಂಬತ್ತು ಗಂಟೆಯ ಸುಮಾರಿಗೆ ಎರಡು ಪಿಕಪ್‌ಗಳು ಗೇಟಿಗೆ ಬಂದವು. ಸಿತ್ತನಾ ಮೇಲಿನ ಕಿಟಕಿಯ ಸಂದಿಯಿಂದ ನೋಡಿದಳು. ಇಳಿದ ಬಂದೂಕಿನವರು ಜಾದಲ್ಲಾನಿಗೆ ಕಾರಿನ ಕೀ ಕೇಳಿದರು, ಕೊಟ್ಟ. ಅವನ ಮೊಬೈಲ್ ಕೇಳಿದರು, ಕೊಟ್ಟ. ಜನರೇಟರ್ ಮನೆಯ ಬೀಗದ ಕೈ ಕೇಳಿದರು. ಜಾದಲ್ಲಾ ಎರಡೂ ಕೈ ಬಿಡಿಸಿ ತೋರಿಸಿ ತಲೆಯಾಡಿಸಿದ. ಒಬ್ಬ ಬಂದೂಕಿನ ಹಿಡಿಯಿಂದ ಅವನ ಬಾಯಿಗೆ ಹೊಡೆದ. ಜಾದಲ್ಲಾ ಕೂತ, ಹಲ್ಲುಗಳನ್ನು ಅಂಗೈಗೆ ಉಗುಳಿದ, ಮತ್ತೆ ತಲೆಯಾಡಿಸಿದ. ಎರಡನೆಯವನು ಯಾವ ಮಾತೂ ಇಲ್ಲದೆ ಅವನ ಎದೆಗೆ ಎರಡು ಗುಂಡು ಹೊಡೆದ. ಆಮೇಲೆ ಬಗ್ಗಿ ಜೇಬಿನಿಂದ ಬೀಗದ ಕೈ ತೆಗೆದುಕೊಂಡ.

ಸಿತ್ತನಾ ಕಿಟಕಿಯ ಕೆಳಗೆ ಕುಸಿದು ತನ್ನ ಕೈಯನ್ನು ತಾನೇ ಕಚ್ಚಿಕೊಂಡಳು. ಕೆಳಗೆ ಜನರೇಟರಿನ ಸದ್ದು ನಿಂತಿತು.

ಹನ್ನೆರಡು ಜನ ಇದ್ದರು. ಲೂಟಿ ಮಾಡಿ ಹೋಗುವವರಲ್ಲ, ಕೆಳಗಿನ ಅಂತಸ್ತಿನಲ್ಲಿ ಠಿಕಾಣಿ ಹೂಡಿದರು. ಅವರಲ್ಲೊಬ್ಬನಿಗೆ ಹೊಟ್ಟೆಗೆ ಗುಂಡು ಬಿದ್ದಿತ್ತು. ಡಾಕ್ಟರ್ ಇನ್ಸಾಫ್ ಎಂಬ ಫಲಕ ಓದಿದವನೊಬ್ಬ ಮೇಲೆ ಬಂದು ಇಬ್ಬರನ್ನೂ ಕೂದಲು ಹಿಡಿದು ಕೆಳಗೆ ಎಳೆದುಕೊಂಡು ಹೋದ.

"ನಾನು ಓದಿದ್ದು ವೈದ್ಯಕೀಯ, ಆದ್ರೆ ಮೂವತ್ತು ವರ್ಷದಿಂದ ರೋಗಿಯನ್ನ ಮುಟ್ಟಿಲ್ಲ. ಇವನಿಗೆ ಆಪರೇಷನ್ ಆಗ್ಬೇಕು," ಎಂದಳು ಇನ್ಸಾಫ್.

"ಹಾಗಾದ್ರೆ ಮಾಡು."

"ಇಲ್ಲಿ ಕತ್ತರಿ ಬಿಟ್ಟು ಏನೂ ಇಲ್ಲ."

"ಇವನು ಸತ್ರೆ ನೀನೂ ಸಾಯ್ತೀಯ ಮುದುಕಿ," ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ. ಮೂವತ್ತೈದರ ಗಟ್ಟಿಮುಟ್ಟಾದ ಆಳು. ಉಳಿದವರು ಅವನನ್ನು ದಲ್ದೂಮ್ ಎಂದು ಕರೆಯುತ್ತಿದ್ದರು. ಮಾತಾಡುವ ಧಾಟಿ ಕೇಳಿದ್ದೇ ಸಿತ್ತನಾ ಬಲಗಿವಿಯನ್ನು ಅವನ ಕಡೆ ತಿರುಗಿಸಿದಳು. ಅದು ಅವಳ ಸೋದರಮಾವಂದಿರ ಮಾತು. ಬಾರಾ ಸೀಮೆಯ ಮಾತು.

ಇನ್ಸಾಫ್ ಇದ್ದ ಬಟ್ಟೆಯಲ್ಲಿ ಗಾಯ ಬಿಗಿದಳು, ಇದ್ದ ಔಷಧಿ ಕೊಟ್ಟಳು. ಮಧ್ಯಾಹ್ನ ಜಾದಲ್ಲಾನ ದೇಹ ಬಿಸಿಲಿಗೆ ಊದತೊಡಗಿದಾಗ ಸಿತ್ತನಾ ದಲ್ದೂಮನ ಎದುರು ಹೋಗಿ ನಿಂತಳು. "ಅವನನ್ನ ಮಣ್ಣು ಮಾಡ್ತೀನಿ."

ಅವನು ಅವಳ ಮುಖ ನೋಡಿದ. "ಯಾವೂರು ನಿಂದು?"

"ಬಾರಾ."

"ನಮ್ಮ ಕಡೆಯವಳೇ." ಅವನೇ ಗುದ್ದಲಿ ಹುಡುಕಿ ತಂದುಕೊಟ್ಟ. ಹಿತ್ತಿಲಿನ ಬೇವಿನ ಮರದ ಬುಡದಲ್ಲಿ ಅವಳು ಅಗೆದಳು. ಅರ್ಧ ಆಳಕ್ಕೆ ಅವಳ ಕೈ ಸೋತಾಗ ಅವನೂ ಗುಂಡಿಗೆ ಇಳಿದು ಅಗೆದ. ಕೊಂದವನು ಅವನಲ್ಲ, ಆದರೆ ಕೊಂದವನ ಪಕ್ಕ ನಿಂತಿದ್ದ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಒಂದು ಹಿಡಿ ಖರ್ಜೂರ ತಂದು ಅವಳ ಮುಂದಿಟ್ಟು ಹೋದ. ಅವಳು ತಿಂದಳು. ತಿಂದದ್ದಕ್ಕೆ ಆಮೇಲೆ ಬಹಳ ದಿನ ತನ್ನ ಮೇಲೆ ತಾನೇ ಸಿಟ್ಟಾದಳು.

ಜನರೇಟರ್ ನಿಂತ ಕೂಡಲೆ ಹರಳುಗಳ ತಟ್ಟೆಯನ್ನು ಅವಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲಿನ ಪಡಸಾಲೆಯಲ್ಲಿದ್ದ ನೀರಿನ ಮಣ್ಣಿನ ಹಂಡೆಯ ತಳದಲ್ಲಿ ಎರಡು ಬಟ್ಟಲುಗಳ ನಡುವೆ ಇಟ್ಟು, ಹೊರಮೈಗೆ ಒದ್ದೆ ಗೋಣಿ ಹೊದಿಸಿದ್ದಳು. ರಾತ್ರಿ ಇಬ್ಬರನ್ನೂ ಮೇಲಿನ ಕೋಣೆಗೆ ಹಿಂದಕ್ಕೆ ಬಿಟ್ಟಿದ್ದರು. ಮಂಗಳವಾರ ಬೆಳಿಗ್ಗೆ ತೆಗೆದು ನೋಡಿದರೆ ಅಂಚು ಸ್ವಲ್ಪ ಮೊಂಡಾಗಿತ್ತು, ಕರಗಿರಲಿಲ್ಲ.

"ಇವತ್ತೇ. ಈಗಲೇ," ಎಂದಳು ಇನ್ಸಾಫ್.

ಸಿತ್ತನಾ ಕೂತಳು. ಕೂದಲಿಗಿಂತ ತೆಳುವಾದ ನೈಲಾನ್ ದಾರದ ಕುಣಿಕೆ, ಅದಕ್ಕೊಂದು ಸೂಜಿ. ಕಿಟಕಿಯ ಬೆಳಕಿಗೆ ಹಿಡಿದ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಹನಿಯೊಳಗೆ ಕುಣಿಕೆ ಇಳಿಸಿ, ಹರಳನ್ನು ಮೀನಿನಂತೆ ಎತ್ತಿ, ಪಕ್ಕದಲ್ಲಿ ಹೊಗೆಯಾಡುತ್ತಿದ್ದ ಸಾರಜನಕದ ಪಾತ್ರೆಯಲ್ಲಿ ಒಂದೇ ಉಸಿರಿಗೆ ಮುಳುಗಿಸಬೇಕು. ಹೊರಗೆ ವಿಮಾನಗಳು ಬಾಂಬು ಹಾಕುತ್ತಿದ್ದವು. ಮೇಜು ಅಲುಗಿದಾಗ ಕೈ ಹಿಂದೆಗೆದು, ನಿಂತಾಗ ಇಳಿಸುತ್ತಿದ್ದಳು. ಎರಡು ತಾಸಿನಲ್ಲಿ ಹನ್ನೊಂದೂ ಮುಗಿದವು. ಇನ್ನು ಒಂದೊಂದನ್ನೇ ಪಾತ್ರೆಯಿಂದ ಪ್ರಯಾಣದ ಡಬ್ಬಿಗೆ ದಾಟಿಸಬೇಕು. ನಾಲ್ಕು ದಾಟಿದ್ದವು, ಏಳು ಇನ್ನೂ ಪಾತ್ರೆಯಲ್ಲಿದ್ದವು. ಆಗ ಬಾಗಿಲು ಒದ್ದುಕೊಂಡು ದಲ್ದೂಮ್ ಒಳಗೆ ಬಂದ.

ಕೆಳಗೆ ಗಾಯಾಳು ಸತ್ತಿದ್ದ. ಅವನು ದಲ್ದೂಮನ ಸ್ವಂತ ತಮ್ಮ ಎಂಬುದು ಇಬ್ಬರಿಗೂ ಆಗಲೇ ತಿಳಿದದ್ದು.

"ಏನು ಕೊಟ್ಟೆ ಅವನಿಗೆ?" ಇನ್ಸಾಫಳ ಎದುರು ನಿಂತು ಕೇಳಿದ. "ಏನು ವಿಷ ಕೊಟ್ಟೆ ನನ್ನ ತಮ್ಮನಿಗೆ?"

"ಅವನ ಕರುಳು ಹರಿದಿತ್ತಪ್ಪ. ನಾನು ಮೊದಲೇ ಹೇಳಿದ್ದೆ."

ಬಂದೂಕಿನ ಹಿಡಿ ಅವಳ ಎಡಗಣ್ಣಿಗೆ ಬಿತ್ತು. ಇನ್ಸಾಫ್ ಬಿದ್ದಳು. ಅವನು ಅವಳ ಎದೆಯ ಮೇಲೆ ಮೊಣಕಾಲೂರಿ, ಬಂದೂಕನ್ನು ಅಡ್ಡ ಹಿಡಿದು ಕುತ್ತಿಗೆಯ ಮೇಲೆ ಒತ್ತತೊಡಗಿದ. ಗುಂಡು ಹಾರಿಸುವಷ್ಟು ಬೇಗ ಮುಗಿಸುವುದು ಅವನಿಗೆ ಬೇಕಿರಲಿಲ್ಲ. ಇನ್ಸಾಫಳ ಕಾಲುಗಳು ನೆಲಕ್ಕೆ ಬಡಿದುಕೊಳ್ಳುತ್ತಿದ್ದವು. ಅವನ ಬೆನ್ನು ಸಿತ್ತನಾಳ ಕಡೆಗಿತ್ತು.

ಅವಳ ಕೈಯಳತೆಯಲ್ಲಿ ಇದ್ದದ್ದು ಆ ಪಾತ್ರೆ ಒಂದೇ. ಒಳಗೆ ಏಳು ಹರಳು. ಅವಳು ಅದನ್ನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದಳು, ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಎರಡೂ ಕೈಯಲ್ಲಿ ಎತ್ತಿ, ಅವನ ಕಾಲರಿನ ಒಳಗೆ, ಬೆನ್ನಿನ ಮೇಲೆ, ಗುಂಡು ತುಂಬಿದ ಅಂಗಿಯ ಜೇಬುಗಳೊಳಗೆ ನಾಲ್ಕು ಲೀಟರನ್ನೂ ಸುರಿದಳು.

ಮೊದಲು ಬಿಳಿ ಹೊಗೆ ಎದ್ದಿತು. ಮರುಕ್ಷಣ ಬಟ್ಟೆ ಮೈಗೆ ಹಲಗೆಯಂತೆ ಅಂಟಿತು. ಅವನು ಕೂಗಿದ ಕೂಗು ಬಾಂಬಿನ ಸದ್ದಿನಲ್ಲಿ ಕೆಳಗಿನವರಿಗೆ ಕೇಳಿಸಲಿಲ್ಲ. ಬಂದೂಕು ಬಿಟ್ಟು ಅಂಗಿಯನ್ನು ಕೀಳಲು ಹೋದ. ಬೆರಳಿನ ತೊಗಲು ಅಂಗಿಗೇ ಅಂಟಿ ಬಂತು. ಸಿತ್ತನಾ ಅನಿಲದ ಸಿಲಿಂಡರಿನ ಪಕ್ಕ ಬಿದ್ದಿದ್ದ ಕಬ್ಬಿಣದ ಸ್ಪ್ಯಾನರ್ ಎತ್ತಿ ಅವನ ತಲೆಗೆ ಹೊಡೆದಳು. ಅವನು ತಿರುಗಿ ನೋಡಿದ. "ಅಕ್ಕಾ," ಎಂದ, ಅವಳ ಊರಿನ ಧಾಟಿಯಲ್ಲಿ. ಅವಳು ಮತ್ತೆ ಹೊಡೆದಳು. ಅವನು ಅಲುಗಾಡುವುದು ನಿಂತ ಮೇಲೂ ಎರಡು ಸಲ ಹೊಡೆದಳು.

ನೆಲದ ಮೇಲೆ ಏಳು ಸೂಜಿಗಳು ಚೆಲ್ಲಾಡಿದ್ದವು. ಅವುಗಳ ತುದಿಯ ಹಿಮ ಕರಗುತ್ತಿತ್ತು.

ಇನ್ಸಾಫ್ ಉಸಿರಿಗಾಗಿ ಒದ್ದಾಡುತ್ತ ಎದ್ದು ಕೂತಳು. ಕಣ್ಣಿದ್ದ ಜಾಗದಿಂದ ರಕ್ತ ಸುರಿಯುತ್ತಿತ್ತು. ಅವಳು ಕೇಳಿದ್ದು ಒಂದೇ: "ಡಬ್ಬಿ ಮುಚ್ಚಿದ್ದೀಯಾ?"

"ಮುಚ್ಚಿದ್ದೀನಿ. ನಾಲ್ಕಿದೆ."

ಹಿಂಬದಿಯ ಮೆಟ್ಟಿಲಿನಿಂದ ಇಳಿದರು. ಹಿತ್ತಿಲಿನ ಗೋಡೆಯನ್ನು ಹಿಂದಿನ ದಿನವೇ ಒಂದು ಫಿರಂಗಿ ಗುಂಡು ಉರುಳಿಸಿತ್ತು. ಸಿತ್ತನಾ ತಾನು ಉಡುಪಿನ ಮೇಲೆ ಸುತ್ತಿದ್ದ ಸೀರೆಯಂಥ ತೋಬ್ ಬಿಚ್ಚಿ ಅರ್ಧದಲ್ಲಿ ಇನ್ಸಾಫಳ ತಲೆ ಸುತ್ತಿದಳು, ಉಳಿದರ್ಧದಲ್ಲಿ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡಳು, ಮಗು ಕಟ್ಟಿಕೊಂಡ ಹಾಗೆ. ಬುರ್ರಿಯ ಓಣಿಗಳಲ್ಲಿ ಹೆಣಗಳು ಬಿದ್ದಿದ್ದವು, ನಾಯಿಗಳು ಮೂತಿ ಎತ್ತಿ ನೋಡಿ ಮತ್ತೆ ತಗ್ಗಿಸುತ್ತಿದ್ದವು. ಒಬ್ಬ ರಿಕ್ಷಾದವನು ಸತ್ತ ತನ್ನ ಹೆಂಡತಿಯನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡು ಊರಾಚೆ ಹೊರಟಿದ್ದ. ಇವರನ್ನೂ ಹತ್ತಿಸಿಕೊಂಡ. ದಾರಿಯುದ್ದಕ್ಕೂ ಇನ್ಸಾಫ್ ಆ ಹೆಂಗಸಿನ ಕಾಲು ಜಾರದಂತೆ ಹಿಡಿದುಕೊಂಡೇ ಕೂತಿದ್ದಳು.

ಮಾರನೆಯ ಮಧ್ಯಾಹ್ನ ಬಸ್ಸಿನಲ್ಲಿ ಮದನಿ ಪಟ್ಟಣ ಮುಟ್ಟಿದರು. ಅಲ್ಲಿನ ಆಸ್ಪತ್ರೆಯಲ್ಲಿ ಇನ್ಸಾಫಳ ಒಡೆದ ಕಣ್ಣನ್ನು ತೆಗೆದುಹಾಕಿದರು. ಮತ್ತಿನಿಂದ ಎದ್ದವಳು ಸಿತ್ತನಾ ಇನ್ನೂ ಪಕ್ಕದಲ್ಲೇ ಕೂತಿರುವುದು ನೋಡಿ ರೇಗಿದಳು.

"ಇಲ್ಲೇನು ಮಾಡ್ತಿದ್ದೀಯ? ಡಬ್ಬಿಯ ಚಳಿ ಇಳೀತಾ ಇದೆ. ಪೋರ್ಟ್ ಸುಡಾನಿಗೆ ಹೋಗು. ಹದೀಲ್ ಅಂತ ನನ್ನ ಹಳೇ ವಿದ್ಯಾರ್ಥಿನಿ, ಜೋರ್ಡಾನಿನವಳು, ಅಲ್ಲಿಂದ ವಿಮಾನ ಹತ್ತುತ್ತಾಳೆ. ಅವಳ ಕೈಗೆ ಕೊಡು."

"ನಿಮ್ಮನ್ನ ಯಾರು ನೋಡ್ಕೋತಾರೆ?"

"ನನಗೆ ಇನ್ನೊಂದು ಕಣ್ಣಿದೆ. ನಾನೇ ನೋಡ್ಕೋತೀನಿ."

ಗದಾರಿಫ್‌ನ ಆಚೆ ಒಂದು ತಪಾಸಣೆಯಲ್ಲಿ ಬಸ್ ನಿಲ್ಲಿಸಿದರು. ಡಬ್ಬಿಯ ಮುಚ್ಚಳ ತೆಗೆದಾಗ ಹೊಗೆ ಬಂತು. ಬಾಂಬು ಎಂದು ಎಲ್ಲರೂ ದೂರ ಓಡಿದರು. ಸಿಪಾಯಿಗಳು ಅವಳನ್ನು ಮಂಡಿಯೂರಿ ಕೂರಿಸಿ, ಕತ್ತಿನ ಹಿಂಭಾಗಕ್ಕೆ ಬಂದೂಕಿಟ್ಟು ಏನೆಂದು ಕೇಳಿದರು.

"ರಕ್ತ. ನನ್ನದೇ."

"ನಿನ್ನ ರಕ್ತಾನ ಡಬ್ಬೀಲಿ ಹೊತ್ಕೊಂಡು ಯಾಕೆ ತಿರುಗ್ತೀಯ? ಮೈಯಲ್ಲಿ ಜಾಗ ಸಾಲದಾಯ್ತಾ?"

ಒಬ್ಬ ನಕ್ಕ, ಇನ್ನೊಬ್ಬ ಬೆನ್ನಿಗೆ ಒದ್ದ. ಯಾರೋ ಅಧಿಕಾರಿ ಬಂದು ಇನ್ಸಾಫ್ ಬರೆದುಕೊಟ್ಟಿದ್ದ ಕಾಗದ ಓದುವವರೆಗೆ ಮುಚ್ಚಳ ತೆರೆದ ಡಬ್ಬಿ ಬಿಸಿಲಿನಲ್ಲೇ ಇತ್ತು. ಮುಖ ಮಣ್ಣಿಗೆ ಒತ್ತಿದ್ದ ಸಿತ್ತನಾ ಓರೆಗಣ್ಣಿನಿಂದ ಆ ಹೊಗೆಯನ್ನೇ ನೋಡುತ್ತಿದ್ದಳು. ಮುಕ್ಕಾಲು ತಾಸು.

ಸಾರಜನಕ ತುಂಬಿದ ಒಂಬತ್ತನೆಯ ದಿನ ಪೋರ್ಟ್ ಸುಡಾನಿನ ವಿಮಾನ ನಿಲ್ದಾಣದ ಬೇಲಿಯ ಬಳಿ ಡಬ್ಬಿಯನ್ನು ಹದೀಲಳ ಕೈಗೆ ಕೊಟ್ಟಳು. ಪಾಸ್‌ಪೋರ್ಟ್ ಇಲ್ಲದ ಅವಳು ಬೇಲಿಯ ಈಚೆಯೇ ಉಳಿದಳು. ಡಬ್ಬಿ ಬೆನ್ನಿಗಿಲ್ಲದೆ ನಡೆಯಲು ಹೋದಾಗ ಎರಡು ಸಲ ಮುಗ್ಗರಿಸಿದಳು.

ಮುಂದೆ ಅವರಿಬ್ಬರೂ ಅಟ್ಬರಾದಲ್ಲಿ ರೈಲ್ವೆ ಕಾಲೋನಿಯ ಒಂದು ಕೋಣೆಯಲ್ಲಿ ಸೇರಿದರು. ಸಿತ್ತನಾ ಊರಿನ ಆಸ್ಪತ್ರೆಯಲ್ಲಿ ಮಲೇರಿಯಾ ರಕ್ತ ಪರೀಕ್ಷೆಯ ಕೆಲಸ ಹಿಡಿದಳು. ಹರಳುಗಳ ಸುದ್ದಿ ತುಣುಕು ತುಣುಕಾಗಿ ಬರುತ್ತಿತ್ತು. ನಾಲ್ಕರಲ್ಲಿ ಎರಡು ಸೀಳಿಹೋಗಿದ್ದವು. ಮೂರನೆಯದರ ಚುಕ್ಕೆಗಳು ಮಸುಕು. ನಾಲ್ಕನೆಯದು ನಿಂತಿತು. ಸೆಪ್ಟೆಂಬರಿನ ಒಂದು ಶುಕ್ರವಾರ ಇನ್ಸಾಫಳ ಮೊಬೈಲಿಗೆ ಚಿತ್ರ ಬಂತು. ಸುರುಳಿಗಳು, ಪಟ್ಟಿಗಳು, ಬಣ್ಣಬಣ್ಣದ ಸಿಕ್ಕು. ಇನ್ಸಾಫ್ ಫೋನನ್ನು ಉಳಿದ ಕಣ್ಣಿಗೆ ಹತ್ತಿರ ಹಿಡಿದು, ಬೆರಳಿಂದ ಹಿಗ್ಗಿಸಿ, ಒಂದು ಕಡೆ ತೋರಿಸಿದಳು.

"ನೋಡು. ಏಳನೆಯದರ ಕೈ ಹಿಡಿಯೋ ಜಾಗ ಇದು. ಇಲ್ಲಿ ಸಣ್ಣ ಮಣಿ ಇರ್ಬೇಕಿತ್ತು, ನಿಂದರಲ್ಲಿ ದಪ್ಪದ್ದು ಕೂತಿದೆ. ಬೆರಳು ಮಡಿಸೋಕೇ ಬಿಡ್ತಿಲ್ಲ."

"ಇಷ್ಟೇನಾ?" ಎಂದಳು ಸಿತ್ತನಾ.

"ಇಷ್ಟೇ."

ಅವಳು ಎದ್ದು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ತಮ್ಮಂದಿರ ಮುಖ ನೆನಪಿಗೆ ತರಲು ಹೋದರೆ ದಲ್ದೂಮನದು ಬರುತ್ತಿತ್ತು. ಅದನ್ನು ಅವಳು ಇನ್ಸಾಫಳಿಗೆ ಹೇಳಿದಳು. ಇನ್ಸಾಫ್ ಸಮಾಧಾನ ಹೇಳಲಿಲ್ಲ. "ಬರಲಿ ಬಿಡು. ಬಂದವನನ್ನ ಏನು ಮಾಡೋಕಾಗುತ್ತೆ," ಎಂದು ಕಾಫಿಗೆ ಶುಂಠಿ ಕುಟ್ಟತೊಡಗಿದಳು.

ಜಾದಲ್ಲಾನ ಹಳ್ಳಿ ಅಟ್ಬರಾದಿಂದ ಬಸ್ಸಿನಲ್ಲಿ ಎರಡು ತಾಸು. ಐದು ತಿಂಗಳು ಸಿತ್ತನಾ ಹೋಗಲು ಧೈರ್ಯ ಮಾಡಿರಲಿಲ್ಲ. ಚಿತ್ರ ಬಂದ ಮುಂದಿನ ವಾರ ಹೋದಳು. ಅವನ ಹೆಂಡತಿ ಬಖೀತಾ ಅಂಗಳದಲ್ಲಿ ಮೊರ ಹಿಡಿದು ಬೇಳೆಯ ಕಲ್ಲು ಆರಿಸುತ್ತಿದ್ದಳು. ಸತ್ತ ಸುದ್ದಿ ಯಾರೋ ಫೋನಿನಲ್ಲಿ ಹೇಳಿದ್ದರಂತೆ. ಹೇಗೆಂದು ಯಾರೂ ಹೇಳಿರಲಿಲ್ಲ. ಸಿತ್ತನಾ ಎಲ್ಲವನ್ನೂ ಹೇಳಿದಳು. ಹಲ್ಲುಗಳನ್ನು ಅಂಗೈಗೆ ಉಗುಳಿದ್ದನ್ನೂ.

"ಬೀಗದ ಕೈ ಕೊಡಬೇಡಿ ಅಂತ ನಾನೇ ಹೇಳಿದ್ದೆ ಚಿಕ್ಕಮ್ಮ," ಎಂದಳು ಕೊನೆಗೆ. "ಸಂಜೆವರೆಗೆ ಅಂದಿದ್ದೆ."

ಬಖೀತಾ ಮೊರ ಕೆಳಗಿಟ್ಟಳು. ಎದ್ದು ಬಂದು ಸಿತ್ತನಾಳ ಕೆನ್ನೆಗೆ ಹೊಡೆದಳು. ಮತ್ತೊಂದು ಕೆನ್ನೆಗೂ ಹೊಡೆದಳು. ಸಿತ್ತನಾ ತಲೆ ತಗ್ಗಿಸಲಿಲ್ಲ, ಕೈ ಅಡ್ಡ ಹಿಡಿಯಲೂ ಇಲ್ಲ. ಮೂರನೆಯದಕ್ಕೆ ಎತ್ತಿದ ಕೈಯನ್ನು ಬಖೀತಾ ತಾನೇ ಇಳಿಸಿಕೊಂಡು, ಅಲ್ಲೇ ನೆಲದ ಮೇಲೆ ಕೂತಳು.

"ಏನಿತ್ತು ಅಲ್ಲಿ, ಅಷ್ಟು ಮುಖ್ಯವಾದದ್ದು?"

ಸಿತ್ತನಾ ತನಗೆ ತಿಳಿದಷ್ಟು ಹೇಳಿದಳು. ಜ್ವರ, ರಕ್ತ, ಹರಳು, ಚಿತ್ರ.

"ಅದರಿಂದ ಯಾರಾದ್ರೂ ಬದುಕಿದ್ರಾ?"

"ಇನ್ನೂ ಇಲ್ಲ."

ಸಿತ್ತನಾ ಸುಳ್ಳು ಹೇಳಲಿಲ್ಲವೆಂಬುದನ್ನು ಬಖೀತಾ ಲೆಕ್ಕಕ್ಕೆ ತೆಗೆದುಕೊಂಡಳೋ ಏನೋ, ಎದ್ದು ಒಳಗಿನಿಂದ ಜೋಳದ ಕಿಸ್ರಾ ರೊಟ್ಟಿ, ಬೆಂಡೆಪುಡಿಯ ಸಾರು ತಂದಿಟ್ಟಳು. ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದರು.

"ಎಲ್ಲಿ ಮಲಗಿಸಿದ್ದೀಯ ಅವರನ್ನ?"

ಸಿತ್ತನಾ ಚೀಲದಿಂದ ಆಸ್ಪತ್ರೆಯ ಒಂದು ಖಾಲಿ ಚೀಟಿ ತೆಗೆದು, ಅದರ ಬೆನ್ನಿನ ಮೇಲೆ ಪೆನ್ನಿನಿಂದ ಗೇಟು ಬರೆದಳು, ಕಟ್ಟಡ ಬರೆದಳು, ಜನರೇಟರ್ ಮನೆ ಬರೆದಳು, ಬೇವಿನ ಮರ ಬರೆದಳು. ಮರದ ಬುಡದಿಂದ ನದಿಯ ಕಡೆಗೆ ಮೂರು ಹೆಜ್ಜೆ ಎಂದು ಗುರುತು ಹಾಕಿದಳು.

"ತಲೆ ಯಾವ ಕಡೆ?"

"ಈ ಕಡೆ."

ಬಖೀತಾ ಆ ಗುರುತಿನ ಮೇಲೆ ಬೆರಳಿಟ್ಟು ನೋಡಿ, ಚೀಟಿಯನ್ನು ನಾಲ್ಕಾಗಿ ಮಡಿಸಿ ತೋಬಿನ ಸೆರಗಿನಲ್ಲಿ ಗಂಟು ಹಾಕಿಕೊಂಡಳು.